ಬಾನಿಯಲ್ಲಿ ಮೇಲೆ ಬಂದ ಗಂಡ

ನನ್ನ ಹೆಂಡತಿ ನಮ್ಮ ಮನೆಗೆ ಬಂದು ಎರಡು ತಿಂಗಳಾದರೂ ನಕ್ಕಿರಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಅವಳು ಮೊದಲ ಸಲ ನಕ್ಕದ್ದು ನಾನು ಬಾವಿಯೊಳಗಿನಿಂದ ಬಾನಿಯಲ್ಲಿ ಕೂತು ಮೇಲೆ ಬಂದ ದಿನ.

ಸಾಸಲಿನ ಕಡೆ ನಮ್ಮದೊಂದು ಹೊಲ, ಅಲ್ಲೊಂದು ಕಪಿಲೆ ಬಾವಿ. ಎರಡು ಎತ್ತು ಹಗ್ಗ ಎಳೆದುಕೊಂಡು ಇಳಿಜಾರಿನಲ್ಲಿ ಕೆಳಗೆ ಹೋದರೆ, ಇತ್ತ ಕಬ್ಬಿಣದ ದೊಡ್ಡ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ತನ್ನ ತೂಕವೂ ಹಗ್ಗವನ್ನು ಜಗ್ಗಿ ಎತ್ತುಗಳಿಗೆ ಭಾರ ಕಡಿಮೆಯಾಗಲೆಂದು ಕಪಿಲೆ ಹೊಡೆಯುವವನು ಆ ಹಗ್ಗದ ಮೇಲೇ ಕೂರಬೇಕು. ಈ ಕೆಲಸಕ್ಕೆ ನನ್ನಂಥವನು ಸುತ್ತಮುತ್ತ ಯಾರೂ ಇರಲಿಲ್ಲ. ಯುದ್ಧದ ಕಾಲ, ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಕೊರತೆ, ನನ್ನ ಮೈಗೆ ಮಾತ್ರ ಯಾವ ಕೊರತೆಯೂ ತಟ್ಟಿರಲಿಲ್ಲ. "ನನ್ ಮಗ ಹಗ್ಗದ್ ಮೇಲ್ ಕೂತ್ರೆ ಎತ್ಗೆ ಕೆಲ್ಸಾನೇ ಇಲ್ಲ" ಎಂದು ಅಪ್ಪ ಸಂತೆಯಲ್ಲೆಲ್ಲ ಹೇಳಿಕೊಳ್ಳುತ್ತಿದ್ದ. ಹೊಗಳಿಸಿಕೊಂಡು ನಾನು ಇನ್ನಷ್ಟು ಊದಿದೆ.

ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಹೂಳು ತೆಗೆಯಲು ಇಳಿದೆವು. ಇಳಿಯುವಾಗ ಏನೂ ಅನ್ನಿಸಲಿಲ್ಲ. ಹತ್ತುವಾಗ, ಗೋಡೆಯಿಂದ ಚಾಚಿದ ಇಪ್ಪತ್ತೆರಡು ಕಲ್ಲುಮೆಟ್ಟಿಲುಗಳಲ್ಲಿ ಆರನೆಯದಕ್ಕೇ ನನ್ನ ಏದುಸಿರು ಬಾವಿಯ ತುಂಬ ಕೇಳಿಸಿತು. ಏಳನೆಯದಕ್ಕೆ ಕಾಲೆತ್ತಲಾರದೆ ಮತ್ತೆ ಕೆಳಗಿಳಿದೆ. ಕೊನೆಗೆ ಅಪ್ಪ ನನ್ನನ್ನು ಹೂಳಿನ ಬಾನಿಯಲ್ಲೇ ಕೂರಿಸಿ ಎತ್ತುಗಳಿಂದ ಎಳೆಸಿದ. ಕೆಸರು ಮೆತ್ತಿದ ನನ್ನ ತಲೆ ಮೇಲೆ ಕಂಡದ್ದೇ ತಡ, ಬುತ್ತಿ ತಂದು ನಿಂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ತಡೆಯಲಾರದೆ ಬಿದ್ದು ಬಿದ್ದು ನಕ್ಕಳು. ಎಷ್ಟು ಚೆಂದದ ನಗು! ಆ ಅವಮಾನದಲ್ಲೂ ಅದು ನನಗೆ ಕಾಣಿಸಿತು. ಸಿಟ್ಟೂ ಬಂತು. ಬರುವ ಬೇಸಿಗೆಗೆ ಇವಳ ಕಣ್ಣೆದುರೇ ಇಪ್ಪತ್ತೆರಡನ್ನೂ ಹತ್ತಿಯೇ ತೀರುತ್ತೇನೆಂದು ಅಲ್ಲೇ ಆಣೆ ಮಾಡಿಕೊಂಡೆ.

ಮಾರನೆಯ ದಿನದಿಂದ ಹಗ್ಗದ ಮೇಲೆ ಕೂರುವುದನ್ನು ಬಿಟ್ಟೆ. ಎತ್ತುಗಳ ಜೊತೆ ಇಳಿಜಾರು ಇಳಿದೆ, ಜೊತೆಗೇ ಹತ್ತಿದೆ. ಅಪ್ಪನಿಗೆ ಮೈಯೆಲ್ಲ ಉರಿ.

"ಲೇ, ನಡೆಯಾಕೆ ಎತ್ತವೆ, ನೀನ್ ಕೂತ್ಕಳ್ಳಲಾ! ಎತ್ತು ಸೊರಗೋಯ್ತವೆ!"

ಊಟದ್ದು ಇನ್ನೂ ದೊಡ್ಡ ಕಥೆ. ಮೂರು ಮುದ್ದೆ ಉಣ್ಣುತ್ತಿದ್ದವನು ಒಂದೇ ಸಾಕು ಅಂದದ್ದಕ್ಕೆ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಆಮೇಲೆ ಮುದ್ದೆ ಬಂತು. ಗಂಗಳದ ಈ ಅಂಚಿನಿಂದ ಆ ಅಂಚಿನವರೆಗೂ ಅದೇ.

"ಒಂದೇ ಅಂದಲ್ಲ ಮಗ, ಒಂದೇ ಹಾಕಿವ್ನಿ" ಎಂದಳು ಅವ್ವ, ಏನೂ ಅರಿಯದವಳ ಹಾಗೆ.

ನನ್ನನ್ನು ಕಾಪಾಡಿದವಳು ಹೆಂಡತಿ. ಅವ್ವ ಒಲೆಯ ಕಡೆ ತಿರುಗಿದಾಗ ಮುದ್ದೆ ಮುರಿದು, ಅರ್ಧವನ್ನು ಎತ್ತುಗಳಿಗಿಡುವ ಕಲಗಚ್ಚಿಗೆ ಹಾಕಿಬಿಡುತ್ತಿದ್ದಳು. "ಅವತ್ತು ನಾನು ನಗಬಾರ್ದಾಗಿತ್ತು, ಅದ್ಕೇ" ಎಂದು ಪಿಸುಗುಟ್ಟಿದಳು. ಅದು ನಮ್ಮಿಬ್ಬರ ಮೊದಲ ಗುಟ್ಟು. ಗುಟ್ಟಿದ್ದ ಮೇಲೆ ಮಾತೂ ಬೇಕಲ್ಲ, ಹಾಗೆ ಮಾತು ಶುರುವಾಯಿತು.

ಬೆಳಗಿನ ಜಾವ ಬಾವಿಗೆ ಹೋಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಮಳೆಗೆ ನೀರು ಏರಿದ್ದರಿಂದ ಮೊದಲು ಕಾಣುತ್ತಿದ್ದದ್ದು ನಾಲ್ಕೇ ಮೆಟ್ಟಿಲು. ಅಷ್ಟಕ್ಕೇ ತೊಡೆ ಹಿಡಿದುಕೊಂಡು ಎರಡು ದಿನ ಕುಂಟಿದೆ. ಬರಬರುತ್ತ ನೀರು ಇಳಿಯಿತು, ಮೆಟ್ಟಿಲು ಒಂದೊಂದಾಗಿ ಹೆಚ್ಚಿತು; ಇಂಥ ಗುರು ಯಾವ ಗರಡಿಯಲ್ಲೂ ಸಿಗುತ್ತಿರಲಿಲ್ಲ. ನಡುವೆ ಅವರೆಕಾಯಿ ಕಾಲ ಬಂತು. ಆ ಹದಿನೈದು ದಿನದ ಬಗ್ಗೆ ಹೇಳದಿರುವುದೇ ಮೇಲು. ಆದರೂ ಸಂಕ್ರಾಂತಿಯ ಹೊತ್ತಿಗೆ ಉಡಿದಾರ ಸೊಂಟದಿಂದ ಜಾರತೊಡಗಿತು. ಹೆಂಡತಿ ಅದಕ್ಕೆ ಇನ್ನೊಂದು ಗಂಟು ಹಾಕಿ ಬಿಗಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬೇಸಿಗೆ ಬಂತು, ಬಾವಿ ಮತ್ತೆ ಬತ್ತಿತು. ಕೆಳಗಿನ ಐದು ಮೆಟ್ಟಿಲು ಮಾತ್ರ ಹೋದ ಬೇಸಿಗೆಯಿಂದೀಚೆಗೆ ನಾನು ಹತ್ತಿ ನೋಡಿರದವು. ದಿನವೆಲ್ಲ ಹೂಳು ತುಂಬಿ ಮೈ ದಣಿದಿತ್ತು. ಎಲ್ಲರೂ ಹತ್ತಿ ಹೋದರು. ಅಪ್ಪ ಎತ್ತು ಬಿಚ್ಚದೆ ಮೇಲಿನಿಂದ ಕೂಗಿದ: "ಬಾನಿ ಬಿಡ್ಲೇನ್ಲಾ?"

"ಬ್ಯಾಡ!"

ಮೂರನೆಯ ಮೆಟ್ಟಿಲಲ್ಲಿ ಪಾಚಿಗೆ ಕಾಲು ಜಾರಿತು. ಗೋಡೆಗೆ ಒರಗಿ ನಿಂತು ಸುಧಾರಿಸಿಕೊಂಡೆ. ಆರನೆಯದನ್ನು ದಾಟಿದೆ. ಆಮೇಲಿನವೆಲ್ಲ ದಿನಾ ಬೆಳಗ್ಗೆ ಕಂಡ ನೆಂಟರೇ. ಇಪ್ಪತ್ತೆರಡನೆಯದರ ಮೇಲೆ ನಿಂತು ಬಿಸಿಲಿಗೆ ತಲೆಯೆತ್ತಿದಾಗ ಹೆಂಡತಿ ಎದುರಿಗೇ ಇದ್ದಳು. ನಗಲಿಲ್ಲ; ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ನಿಜ ಹೇಳುತ್ತೇನೆ, ಹೆಮ್ಮೆಯ ಜೊತೆಗೆ ನನಗೆ ಸ್ವಲ್ಪ ನಿರಾಸೆಯೂ ಆಯಿತು. ಆ ನಗು ಇನ್ನೊಮ್ಮೆ ಬೇಕಿತ್ತು.

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, ಎತ್ತು ಬಿಚ್ಚಿದ. ಒಂದರ ಬೆನ್ನು ತಟ್ಟುತ್ತ ಅಂದ: "ನೀನ್ ಹಗ್ಗ ಬಿಟ್ಟು ಒಂದ್ ವರ್ಸ ಆಯ್ತು. ಸೊರಗ್ತವೆ ಅಂದ್ಕಂಡಿದ್ದೆ. ನೋಡ್ಲಾ, ಆನೆ ಆದಂಗಾಗವೆ! ಅದೇನ್ ತಿಂದ್ವೋ ಕಾಣೆ!"

ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಸೆರಗು ಬಾಯಿಗೆ ಹೋಯಿತು, ಪ್ರಯೋಜನವಾಗಲಿಲ್ಲ. ಈ ಸಲ ಇಬ್ಬರೂ ಬಾವಿಯ ಕಟ್ಟೆಗೆ ಆತುಕೊಂಡು ಬಿದ್ದು ಬಿದ್ದು ನಕ್ಕೆವು. ಅಪ್ಪ ಎತ್ತಿನ ಬೆನ್ನಿನಿಂದ ಕೈ ತೆಗೆಯದೆ ನಮ್ಮನ್ನೇ ನೋಡುತ್ತ ನಿಂತಿದ್ದ.