ಮಲ್ಲಿಗೆ ಬಳ್ಳಿಯ ಪಕ್ಕದ ಕೈ

ಪೂಂಗೋದೈಗೆ ಕೊಳೆ ಕಂಡರೆ ಆಗುವುದಿಲ್ಲ. ನನ್ನ ಹೊಲಿಗೆ ಅಂಗಡಿಗೆ ರವಿಕೆಯ ಅಳತೆ ಕೊಡಲು ಬಂದವಳು ಮೊದಲು ನೆಲದ ಮೇಲಿನ ದಾರದ ತುಂಡುಗಳನ್ನು ಆಯ್ದು ಬುಟ್ಟಿಗೆ ಹಾಕುತ್ತಾಳೆ, ಆಮೇಲೆ ಕೈ ಎತ್ತಿ ನಿಲ್ಲುತ್ತಾಳೆ. ಮಾತಿನ ಮಧ್ಯೆ ಎದುರಿನವರ ಹೆಗಲ ಮೇಲಿನ ಕೂದಲು ತೆಗೆಯುತ್ತಾಳೆ. ಮದುವೆಯಾಗಿ ಧಾರಾಪುರದಿಂದ ಸಿನಿಮಾ ಸ್ಟುಡಿಯೋಗಳ ಪಕ್ಕದ ನಮ್ಮ ಸಾಲಿಗ್ರಾಮಂ ಬೀದಿಗೆ ಬಂದ ಹೊಸದರಲ್ಲಿ ನಾನೇ ಒಮ್ಮೆ ಕೇಳಿದ್ದೆ, "ಏನಮ್ಮಾ, ನಾವೆಲ್ಲ ನಿನ್ ಕಣ್ಣಿಗೆ ಅಷ್ಟು ಗಲೀಜಾ?" ಅವಳು ನಕ್ಕು ನನ್ನ ಕನ್ನಡಕ ತೆಗೆದುಕೊಂಡು ಸೆರಗಿನಿಂದ ಒರೆಸಿ ಕೊಟ್ಟಳು. ಮೂಗಿನ ತುದಿಯವರೆಗೆ ಬಂದಿದ್ದ ಕೋಪ ಅಲ್ಲೇ ಇಳಿಯಿತು.

ಇಂಥವಳಿಗೆ ಸಿಕ್ಕ ಕೆಲಸವೂ ಅಂಥದ್ದೇ. ವಡಪಳನಿಯಲ್ಲಿ ಹಳೆಯ ಸಿನಿಮಾ ರೀಲುಗಳನ್ನು ತೊಳೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹೊಸದರಂತೆ ಮಾಡುವ ಒಂದು ಕಚೇರಿ ಇದೆ. ಕತ್ತಲೆ ಕೋಣೆಯಲ್ಲಿ ಕೂತು ಒಂದೊಂದೇ ಚಿತ್ರವನ್ನು ನಿಲ್ಲಿಸಿ ಗೀರು, ಧೂಳು, ಬೂಷ್ಟಿನ ಕಲೆ ಅಳಿಸುವುದು ಅವಳ ಪಾಲಿನ ಕೆಲಸ. ಅಲ್ಲಿ ಎಲ್ಲರಿಗೂ ಮೊದಲ ದಿನವೇ ಹೇಳಿಕೊಡುವುದು ಒಂದು ಮಾತು. ಕಾಲ ಮೆತ್ತಿದ್ದನ್ನು ತೆಗೆಯಿರಿ, ಅವತ್ತು ಕ್ಯಾಮೆರಾ ಕಂಡದ್ದನ್ನು ಮುಟ್ಟಬೇಡಿ. ನಾಯಕನ ಮೀಸೆಯ ಅಂಟು ಬಿಟ್ಟಿದ್ದರೂ ಅದು ಹಾಗೆಯೇ ಇರಬೇಕು.

ಅವಳ ಮಾವ ಏಕಾಂಬರಂ ಸ್ಟುಡಿಯೋಗಳಲ್ಲಿ ಲೈಟ್‌ಮನ್ ಆಗಿದ್ದವರು. ಜೀವಮಾನವಿಡೀ ಬೇರೆಯವರ ಮುಖಕ್ಕೆ ಬೆಳಕು ಹಿಡಿದ ಆ ಮನುಷ್ಯ ಒಂದೇ ಒಂದು ಸಲ ತಾವೂ ಪರದೆಯ ಮೇಲೆ ಬಂದಿದ್ದರು, ಅದೂ ಪೂರ್ತಿ ಅಲ್ಲ. ತೋಟದ ಹಾಡಿನ ಚಿತ್ರೀಕರಣದ ದಿನ ಗಾಳಿ ಎದ್ದು ಬೆಳಕು ಹೊಡೆಯುವ ಬೆಳ್ಳಿ ಹಾಳೆಯ ಹಲಗೆ ನಾಯಕಿಯ ಮೇಲೆ ಬೀಳುವುದರಲ್ಲಿತ್ತು. ಇವರು ಬಾಗಿ ಹಿಡಿದುಕೊಂಡರು. ಎಡಗಡೆ ಮೂಲೆಯಲ್ಲಿ, ಮಲ್ಲಿಗೆ ಬಳ್ಳಿಯ ಪಕ್ಕ, ತಾಮ್ರದ ಕಡಗ ತೊಟ್ಟ ಒಂದು ಕೈ ಬಂದು ಹೋಯಿತು. ನಾಯಕಿಗೆ ಬೇರೆ ಶೂಟಿಂಗಿಗೆ ಹೊತ್ತಾಗಿತ್ತು, ಮತ್ತೆ ತೆಗೆಯಲಿಲ್ಲ.

ಆ ಸಿನಿಮಾ ಬಂದಾಗಲೆಲ್ಲ ನಮ್ಮ ಬೀದಿ ಪೂರ್ತಿ ಥಿಯೇಟರಿನಲ್ಲಿರುತ್ತಿತ್ತು. ನಾಯಕಿ ಬಂದರೆ ಸುಮ್ಮನಿರುತ್ತಿದ್ದೆವು, ಆ ಕೈ ಬಂದರೆ ಶಿಳ್ಳೆ. ಆಮೇಲೆ ಪ್ರಿಂಟುಗಳು ಹಾಳಾದವು. ಟೀವಿಯಲ್ಲಿ ಹಾಕುವಾಗ ಚಿತ್ರದ ಎರಡೂ ಅಂಚು ಕತ್ತರಿಸುತ್ತಿದ್ದರು, ಕೈಯೂ ಅದರ ಜೊತೆ ಹೋಗುತ್ತಿತ್ತು. ಹಣ್ಣಿನಂಗಡಿಯ ದಶರಥನ್‌ನಂಥ ಈಚಿನವರು "ಕೈಯಂತೆ ಕೈ, ಬರೀ ಬುರುಡೆ" ಎಂದು ಟೀ ಅಂಗಡಿಯ ಬೆಂಚಿನ ಮೇಲೆ ಅವರನ್ನು ರೇಗಿಸುತ್ತಿದ್ದರು. ಏಕಾಂಬರಂ ಅಣ್ಣ ಮನೆಯಲ್ಲಿ ಮಿತಭಾಷಿ. ಸೊಸೆಯ ಎದುರು ಇಂಥದ್ದನ್ನೆಲ್ಲ ಹೇಳಿಕೊಂಡವರಲ್ಲ.

ಅದೇ ಸಿನಿಮಾ ಹೊಸದಾಗಿ ಬರುತ್ತದೆಂದು ಪೋಸ್ಟರ್ ಬಿದ್ದ ದಿನ ಅಣ್ಣ ಬೆಂಚಿನಿಂದ ಎದ್ದು ನಿಂತೇ ಮಾತಾಡಿದರು. "ಭಾನುವಾರ ಎಲ್ಲರೂ ಬರ್ಬೇಕು. ದಶರಥ, ನೀನಂತೂ ನನ್ ಪಕ್ಕದಲ್ಲೇ ಕೂತ್ಕೋಬೇಕು."

"ಬರ್ತೀನಣ್ಣ. ಕೈ ಬರ್ಲಿಲ್ಲ ಅಂದ್ರೆ?"

"ಆಮೇಲೆ ನಾನು ಈ ಬೆಂಚಿನ ಮೇಲೆ ಬಾಯಿ ಬಿಡಲ್ಲ."

ರಾತ್ರಿ ಊಟಕ್ಕೆ ಕೂತಾಗ ಅವರು ಸೊಸೆಯನ್ನು ಕೇಳಿದರು. "ಏನಮ್ಮಾ, ನಿಮ್ಮ ಆಫೀಸಲ್ಲೇ ಅಂತಲ್ಲ ಆ ಪಿಚ್ಚರ್ ರೆಡಿ ಮಾಡಿದ್ದು? ತೋಟದ ಹಾಡಲ್ಲಿ ಎಡಗಡೆ ಒಂದು ಕೈ ಬರುತ್ತೆ. ನೋಡಿದ್ಯಾ? ನಂದೇ ಅದು."

ಪೂಂಗೋದೈ ಕೈಯಲ್ಲಿ ಸಾರಿನ ಸೌಟಿತ್ತು. ಅವಳು ನೋಡಿದ್ದಳು. ಅಷ್ಟು ಚಂದದ ಹಾಡಿನಲ್ಲಿ ಯಾವನದೋ ಕೊಳಕು ಕೈ ಎಂದುಕೊಂಡು, ಹಿಂದುಮುಂದಿನ ಚಿತ್ರಗಳಿಂದ ಮಲ್ಲಿಗೆಯ ಎಲೆಗಳನ್ನು ತಂದು ಒಂದೊಂದಾಗಿ ಜೋಡಿಸಿ ಮುಚ್ಚಿದ್ದಳು. ಯಾರೂ ಹೇಳಿರಲಿಲ್ಲ. ಎಷ್ಟು ನಾಜೂಕಾಗಿ ಮುಚ್ಚಿದ್ದಳೆಂದರೆ ಮೇಲಿನವರ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ದಿನದ ಆ ಕೆಲಸದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

"ನೋಡಿದೆ ಮಾವ," ಎಂದಳು.

ಆ ಎರಡು ಮಾತು ಬಾಯಿಂದ ಬಿದ್ದದ್ದೇ ಮೈಯೆಲ್ಲ ಹಿಡಿಯಾಯಿತು ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡಳು. ತಟ್ಟೆಯ ಮೇಲಿದ್ದ ಮಾವನ ಕೈಯನ್ನು, ಸವೆದು ತಂತಿಯಾಗಿದ್ದ ಆ ತಾಮ್ರದ ಕಡಗವನ್ನು ಅವಳು ಆಗ ನೋಡಿದಳು. ಮದುವೆಯಾದಾಗಿನಿಂದ ದಿನಾ ಎರಡು ಹೊತ್ತು ಬಡಿಸಿದ್ದು ಅದೇ ಕೈಗೆ.

ಮರುದಿನ ಕಚೇರಿಯಲ್ಲಿ ಮೇಲಿನವರ ಮುಂದೆ ನಿಂತು ಎಲ್ಲ ಒಪ್ಪಿಕೊಂಡಳು. ಮೊದಲು ಸ್ಕ್ಯಾನ್ ಮಾಡಿದ್ದು ಹಾಗೆಯೇ ಇದೆ, ಕೈ ವಾಪಸು ತರುತ್ತೇನೆ ಎಂದಳು. ಅವರು ಕಿಡಿಕಿಡಿಯಾದರು. "ಎಲ್ಲಾ ಥಿಯೇಟರಿಗೂ ಹೋಗಾಗಿದೆ. ಇನ್ನು ಏನ್ ತರ್ತೀಯ? ಅದನ್ನ ತೆಗಿ ಅಂತ ನಿನಗೆ ಹೇಳಿದ್ ಯಾರು?"

ಭಾನುವಾರದವರೆಗೆ ಅವಳು ಮಾವನ ಹತ್ತಿರ ಹೇಳಲು ಹೊರಟು ಹೊರಟು ಹಿಂದಕ್ಕೆ ಬಂದಳು. ಅಣ್ಣ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದರು, ಕಡಗಕ್ಕೆ ಹುಣಸೆಹಣ್ಣು ಉಜ್ಜಿ ಬೆಳಗಿದರು. ಅಂಥ ಮನುಷ್ಯನಿಗೆ ಏನೆಂದು ಹೇಳುವುದು? ಹೇಳಬೇಕಿತ್ತು ಎಂದು ನಾನು ಅವಳನ್ನು ಬೈದಿದ್ದೇನೆ. ಆದರೆ ಅವಳ ಜಾಗದಲ್ಲಿದ್ದರೆ ನನಗೂ ನಾಲಗೆ ಏಳುತ್ತಿರಲಿಲ್ಲ.

ಥಿಯೇಟರಿನಲ್ಲಿ ನಮ್ಮದೇ ಎರಡು ಸಾಲು. ಅಣ್ಣನ ಒಂದು ಪಕ್ಕ ದಶರಥನ್, ಇನ್ನೊಂದು ಪಕ್ಕ ಪೂಂಗೋದೈ, ಅವಳ ಹಿಂದೆ ನಾನು. ತೋಟದ ಹಾಡು ಶುರುವಾದದ್ದೇ ಹಳಬರೆಲ್ಲ ಶಿಳ್ಳೆಗೆ ಬೆರಳು ಬಾಯಿಗಿಟ್ಟು ಕಾದೆವು. ಮಲ್ಲಿಗೆ ಬಳ್ಳಿ ಬಂತು. ಎಲೆ ಎಲೆಯೂ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಬಳ್ಳಿ ಹೋಯಿತು. ಬಾಯಿಗಿಟ್ಟ ಬೆರಳು ಬಾಯಲ್ಲೇ ಉಳಿಯಿತು.

"ಏನಣ್ಣ, ಕೈ ಇವತ್ತು ರಜಾ ಹಾಕಿದ್ಯಾ?" ಎಂದ ದಶರಥನ್. ಹಿಂದಿನ ಸಾಲಿನವರೆಗೂ ನಕ್ಕರು.

ಏಕಾಂಬರಂ ಅಣ್ಣ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಒಮ್ಮೆ ಸೊಸೆಯ ಕಡೆ ತಿರುಗಿದರು. ಅವಳ ತಲೆ ತಗ್ಗಿತ್ತು. ಅವರಿಗೆ ಅಷ್ಟು ಸಾಕಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

"ವಯಸ್ಸಾಯ್ತಲ್ಲಪ್ಪ," ಎಂದರು ದಶರಥನ್‌ಗೆ. "ಬೇರೆ ಯಾವುದೋ ಪಿಚ್ಚರ್ ಇರ್ಬೇಕು. ನಾನೇ ಮರೆತಿದ್ದೀನಿ."

ಮಧ್ಯಂತರದಲ್ಲಿ ದೀಪ ಹತ್ತಿತು. ಜನ ಸಮೋಸಕ್ಕೆ ಎದ್ದರು. ಪೂಂಗೋದೈ ಸಾಲಿಗೆ ಅಡ್ಡ ನಿಂತಳು.

"ಮಾವ ಏನೂ ಮರೆತಿಲ್ಲ. ಕೈ ಇತ್ತು. ಅಳಿಸಿದ್ದು ನಾನು. ಕೊಳೆ ಅಂದ್ಕೊಂಡು ಅಳಿಸ್ದೆ. ನೋಡಿದೆ ಅಂತಷ್ಟೇ ಹೇಳಿ, ಅಳಿಸಿದ್ದನ್ನ ಮಾವನ ಹತ್ರ ಮುಚ್ಚಿಟ್ಟೆ."

ದಶರಥನ್ ತನ್ನ ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದ. ಶಿಳ್ಳೆಗೆಂದು ಬಂದಿದ್ದ ನಮಗೂ ಅಲ್ಲಿ ನಿಲ್ಲಲು ನಾಚಿಕೆಯಾಯಿತು.

"ಕೂತ್ಕೊಳಮ್ಮ," ಎಂದರು ಅಣ್ಣ. "ಲೈಟ್ ಆರಿಸ್ತಾರೆ."

ಆ ರಾತ್ರಿ ಮನೆಯಲ್ಲಿ ಅವಳು ಅನ್ನ ಬಡಿಸಿದಳು. ಅವರು ಸಾಕೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಅವಳಿಗೆ ಆ ಕೈಯಿಂದ ಕಣ್ಣು ಕೀಳಲಾಗಲಿಲ್ಲ, ಮುಖ ನೋಡುವ ಧೈರ್ಯವೂ ಬರಲಿಲ್ಲ.

"ದಿನಾ ನೋಡೋ ಕೈ ಮಾವ ಇದು. ನಂಗೆ ಗುರುತು ಸಿಗ್ಲಿಲ್ವಲ್ಲ."

ಅವರು ಸ್ವಲ್ಪ ಹೊತ್ತು ಅನ್ನ ಕಲಸಿದರು. ದನಿಯಲ್ಲಿ ಸಿಟ್ಟಿರಲಿಲ್ಲವಂತೆ.

"ನಿಂಗೊಬ್ಬಳಿಗೇ ಅಲ್ಲಮ್ಮ. ಅವತ್ತು ಡೈರೆಕ್ಟರೂ ಹಿಂಗೇ ಕೂಗಿದ್ರು. ಯಾವನದಯ್ಯಾ ಆ ಕೊಳಕು ಕೈ, ತೆಗೀರಿ ಆಚೆ ಅಂತ."

ಆಮೇಲೆ ಮಜ್ಜಿಗೆ ಕೇಳಿದರು. ಅವಳು ಬಡಿಸಿದಳು.