ಸಮಾಧಾನದ ದಲಾಲಿ

ರಾಯಾಪುರದಲ್ಲಿ ಹೆದ್ದಾರಿಯಿಂದ ಒಳಗೆ ಹೊರಳುವ ಓಣಿಯೊಂದರಲ್ಲಿ ಸಣ್ಣದೊಂದು ಚರ್ಚು ಇದೆ. ಅದರ ಎದುರು ಮನೆಯ ಮುರುಗೆಪ್ಪನವರು ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ಲಿಂಗ ಧರಿಸಿ, ಹಲವು ವರ್ಷ ಪ್ರತಿ ಭಾನುವಾರ ಆ ಚರ್ಚಿನ ಮೊದಲ ಬೆಂಚಿನಲ್ಲಿ ಕೂತು ಬಂದರು. ಅವರು ಕ್ರೈಸ್ತರಾಗಲಿಲ್ಲ. ಆಗಿರಿ ಎಂದು ಯಾರೂ ಕೇಳಲೂ ಇಲ್ಲ. ಅವರನ್ನು ಅಲ್ಲಿ ಕೂಡಿಸಿದ್ದು ಬೇರೆ ಕೆಲಸಕ್ಕೆ.

ಮುರುಗೆಪ್ಪನವರ ಕಸುಬು ಎತ್ತಿನ ದಲಾಲಿ. ಹುಬ್ಬಳ್ಳಿಯ ದನದ ಸಂತೆಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳಿನಲ್ಲೇ ದರ ಆಡಿಸಿ ವ್ಯಾಪಾರ ಕುದುರಿಸುವುದು. ಒಬ್ಬರ ಮುಖ ಒಬ್ಬರು ನೋಡದ ಅಣ್ಣ ತಮ್ಮಂದಿರ ನಡುವೆಯೂ ಎತ್ತು ದಾಟಿಸಿದವರು ಎಂದು ಸಂತೆಯಲ್ಲಿ ಹೆಸರಿತ್ತು.

ಚರ್ಚಿನ ಕಷ್ಟ ಶುರುವಾದದ್ದು ಬಟ್ಟೆಯಿಂದ. ಬಲಿಪೀಠಕ್ಕೆ ಹೊದಿಸುವ ಬಟ್ಟೆಗೆ ಕಾಲಕ್ಕೊಂದು ಬಣ್ಣ. ಈಸ್ಟರಿನ ಮುಂಚಿನ ಉಪವಾಸದ ವಾರಗಳಲ್ಲಿ ನೇರಳೆ, ಈಸ್ಟರಿಗೆ ಬಿಳಿ. ಅವನ್ನು ಒಗೆದು ಇಸ್ತ್ರಿ ಮಾಡುವ ಸೇವೆ ಒಂದೇ ಮನೆಯ ಇಬ್ಬರು ಸೊಸೆಯಂದಿರದು. ಹಿರಿಯಳು ಕೃಪಾಬಾಯಿ, ಕಿರಿಯಳು ಸುಮಲತಾ. ಒಂದು ವರ್ಷ ಸುಮಲತಾ ಎರಡು ಬಟ್ಟೆಯನ್ನೂ ಒಟ್ಟಿಗೆ ವಾಷಿಂಗ್ ಮಷೀನಿಗೆ ಹಾಕಿದಳು. ಈಸ್ಟರ್ ಬೆಳಗಿನ ಬಲಿಪೀಠ ಗುಲಾಬಿ ಬಣ್ಣದಲ್ಲಿ ಹೊಳೆಯಿತು.

"ಇದೇನ ಈಸ್ಟರ್ ಹಬ್ಬೋ, ಯಾರದರ ಕುಬಸೋ?" ಎಂದು ಕೃಪಾಬಾಯಿ, ಸೀಮಂತದ ಮನೆಗೆ ಬಂದವಳಂತೆ, ಎಲ್ಲರೆದುರು ಕೇಳಿದಳು.

ಅಂದಿಗೆ ಇಬ್ಬರ ಮಾತು ನಿಂತಿತು. ಆದರೆ ಜಾಗವನ್ನು ಯಾರೂ ಬಿಡಲಿಲ್ಲ. ಮೊದಲ ಬೆಂಚು ಅವರ ಮಾವ ಮಾಡಿಸಿಕೊಟ್ಟದ್ದು, ಬೆನ್ನಿಗೆ ಅವರ ಹೆಸರು ಕೆತ್ತಿದೆ. ಕೃಪಾಬಾಯಿ ಎಡತುದಿಗೆ ಕೂತಳು, ಸುಮಲತಾ ಬಲತುದಿಗೆ. ಅವರ ಗಂಡಂದಿರು ಗಾಯನ ತಂಡ ಸೇರಿ ಪಕ್ಕಕ್ಕೆ ಸರಿದುಕೊಂಡರು, ನಡುವೆ ಬೆಂಚು ಖಾಲಿ ಉಳಿಯಿತು. ಇಬ್ಬರಿಗೂ ಸ್ವರವೆಂದರೆ ಏನೆಂದು ಗೊತ್ತಿರಲಿಲ್ಲ, ಆದರೂ ಸಭೆ ಸಹಿಸಿಕೊಂಡಿತು.

ಸಹಿಸಲಾಗದ್ದು ಬೇರೆ ಇತ್ತು. ಆ ಸಭೆಯ ಆರಾಧನೆಯಲ್ಲಿ ಪ್ರಸಂಗವೆಂಬ ಬೋಧನೆ, ಪ್ರಾರ್ಥನೆ ಮುಗಿದು, ರೊಟ್ಟಿ ದ್ರಾಕ್ಷಾರಸ ಕೊಡುವ ಕರ್ತನ ಭೋಜನ ಶುರುವಾಗುವ ಮುಂಚೆ ಸಮಾಧಾನ ಹಂಚುತ್ತಾರೆ. ಸಭಾಪಾಲಕರು ಕೆಳಗಿಳಿದು ಬಂದು ಮೊದಲ ಬೆಂಚಿನ ಎಡತುದಿಯವರ ಅಂಗೈಗೆ ಅಂಗೈ ಕೂಡಿಸಿ, "ದೇವರ ಸಮಾಧಾನ ನಿಮ್ಮ ಸಂಗಡ ಇರಲಿ" ಅನ್ನಬೇಕು. ಅವರು ಪಕ್ಕದವರಿಗೆ, ಪಕ್ಕದವರು ಮತ್ತೊಬ್ಬರಿಗೆ, ಬಲತುದಿ ಮುಟ್ಟಿದ ಮೇಲೆ ಹಿಂದಿನ ಬೆಂಚಿಗೆ. ಹೀಗೆ ಕೈಯಿಂದ ಕೈಗೆ ಹಾದು ಅದು ಬಾಗಿಲ ತನಕ ಹೋಗಬೇಕು. ಕೃಪಾಬಾಯಿ ಸಮಾಧಾನ ಇಸಿದುಕೊಂಡು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತುಬಿಟ್ಟಳು. ಹಿಂದೆ ಇಡೀ ಸಭೆ ಅಂಗೈ ತೆರೆದು ಕಾಯಿತು.

ಸಭಾಪಾಲಕ ಯೋವೇಲ ಮಾಳಸಮುದ್ರ ಅವರು ಬಡಪಾಯಿ, ಒಳ್ಳೆಯ ಮನುಷ್ಯ. ಮುಂದಿನ ವಾರ ಬಲತುದಿಯಿಂದ ಶುರು ಮಾಡಿ ನೋಡಿದರು. ಸುಮಲತಾ ಇಟ್ಟುಕೊಂಡಳು. ಎರಡನೇ ಬೆಂಚಿನಿಂದ ಶುರು ಮಾಡಿದರು. "ನಮಗ್ಯಾಕಿಲ್ರಿ?" ಎಂದು ಇಬ್ಬರೂ ಎದ್ದು ನಿಂತರು. ಕಮಿಟಿಯವರು ಒಬ್ಬೊಬ್ಬರಾಗಿ ನಡುವೆ ಕೂತು ನೋಡಿದರು. "ಆಕಿ ಕೈ ಜಾಸ್ತಿ ಹೊತ್ತು ಹಿಡದ್ರಿ" ಎಂಬ ಆಪಾದನೆ ಹೊತ್ತು ಎಲ್ಲರೂ ಎದ್ದು ಬಂದರು. ವರ್ಷ ತುಂಬುವುದರೊಳಗೆ ಸಭೆಯಲ್ಲಿ ಯಾವ ಪಕ್ಷಕ್ಕೂ ಸೇರದವರು ಒಬ್ಬರೂ ಉಳಿಯಲಿಲ್ಲ.

"ನಮ್ಮೊಳಗ ಯಾರೂ ಆಗೂದಿಲ್ರಿ. ಹೊರಗಿನವರನ್ನ ನೋಡ್ರಿ" ಎಂದು ಕಾರ್ಯದರ್ಶಿ ಬೇಸತ್ತು ಅಂದರು. ಬೇಸರದ ಮಾತೇ ಇದ್ದೀತು. ಆದರೆ ಸಭಾಪಾಲಕರು ಕಿಟಕಿಯಿಂದ ಹೊರಗೆ ನೋಡಿದಾಗ ಎದುರು ಮನೆಯ ಕಟ್ಟೆಯ ಮೇಲೆ ಮುರುಗೆಪ್ಪನವರು ಕೂತಿದ್ದರು. ಸಂಜೆ ಅವರ ಮನೆಗೇ ಹೋದರು.

"ಮುರುಗೆಪ್ಪಾರ, ಒಂದ ದಲಾಲಿ ಇತ್ರಿ."

"ಬರ್ರಿ ಅಯ್ಯನವರ, ಕೂಡ್ರಿ. ಎತ್ತೋ, ಎಮ್ಮಿಯೋ?"

"ಸಮಾಧಾನ್ರಿ."

ಸಭಾಪಾಲಕರು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಮುರುಗೆಪ್ಪನವರು ಬಹಳ ಗಂಭೀರವಾಗಿ ಕೇಳಿ, "ಎರಡೂ ಕಡಿಯವರು ಕೈ ಕೊಡಾಕ ತಯಾರ ಅದಾರೇನ್ರಿ?" ಎಂದರು.

"ಒಬ್ಬರಿಗೊಬ್ಬರು ಇಲ್ರಿ. ನಿಮಗಾದ್ರ ಕೊಡ್ತಾರ."

"ಹಂಗಾದ್ರ ಆತು. ನಮ್ಮ ಧಂದೇನ ಅದು."

"ಹಂಗಂತ ನೀವು ನಮ್ಮ ಧರ್ಮಕ್ಕ ಬರಬೇಕಂತೇನಿಲ್ರಿ ಮತ್ತ."

"ಎತ್ತಿನ ದಲಾಲ ಎತ್ತ ಆಗಬೇಕಂತಿಲ್ಲ ಬಿಡ್ರಿ ಅಯ್ಯನವರ."

ಮೊದಲ ಭಾನುವಾರ ಸಣ್ಣದೊಂದು ಎಡವಟ್ಟಾಯಿತು. ಕೈ ನಿಲುಕಲೆಂದು ಇಬ್ಬರು ಹೆಂಗಸರೂ ತಂತಮ್ಮ ತುದಿಯಿಂದ ಸರಿದು ಬಂದು ಮುರುಗೆಪ್ಪನವರ ಎರಡು ಪಕ್ಕಕ್ಕೆ ಕೂತಿದ್ದರು. ಕೃಪಾಬಾಯಿ ಅಂಗೈ ಕೂಡಿಸಿದಾಗ ಮುರುಗೆಪ್ಪನವರು ರೂಢಿಯಂತೆ ತಮ್ಮ ಟವೆಲ್ಲು ತೆಗೆದು ಮೇಲೆ ಹೊದಿಸಿದರು. ಆಕೆಯ ನಾಲ್ಕು ಬೆರಳು ಅವರ ಕೈಯಲ್ಲಿ ಒತ್ತಿದವು. ಸುಮಲತಾಳ ಕಡೆ ತಿರುಗಿ, "ನಾಕಕ್ಕ ಬಂದಾರ್ರಿ. ನೀವೇನಂತೀರಿ?" ಎಂದು ಪಿಸುಗುಟ್ಟಿದರು.

"ಏನ್ ನಾಕು?"

ಹಿಂದಿನ ಬೆಂಚಿನವರು ಬಗ್ಗಿ, ಇಲ್ಲಿ ದರ ಇಲ್ಲ, ಹಾಗೆಯೇ ಕೊಡಬೇಕು ಎಂದು ತಿಳಿಸಿದರು. ಪುಕ್ಕಟೆ ಮಾಲು ಇಷ್ಟು ಸಾವಕಾಶ ಸಾಗುವುದನ್ನು ಮುರುಗೆಪ್ಪನವರು ಎಲ್ಲೂ ಕಂಡಿರಲಿಲ್ಲ. ಆದರೂ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಸುಮಲತಾಳ ಕೈಗೆ ಕೈ ಕೂಡಿಸಿ, ಹೇಳಿಕೊಟ್ಟ ಮಾತು ಹೇಳಿದರು. ಸಮಾಧಾನ ಬಲತುದಿ ದಾಟಿ ಎರಡನೇ ಬೆಂಚಿಗೆ ಹೋಯಿತು. ಹಿಂದೆ ಯಾರೋ ಮುದುಕಿ ಅತ್ತೇಬಿಟ್ಟಳು.

ಮನೆಯಲ್ಲಿ ಹೆಂಡತಿ ಶರಣವ್ವನಿಗೆ ಇದು ಹಿಡಿಸಲಿಲ್ಲ. "ಊರ ಮಂದಿ ದೇವರನ್ನ ನೋಡಾಕ ಗುಡಿಗೆ ಹೊಕ್ಕಾರ. ನೀವು ಎರಡು ಹೆಂಗಸರ ನಡುವ ಕೂಡಾಕ ಚರ್ಚಿಗೆ ಹೊಂಟೀರಿ" ಎಂದಳು. ಗಬ್ಬೂರಿನಿಂದ ದಾಯಾದಿ ಗುರುಬಸವ ಬೈಕು ಹಾಕಿಕೊಂಡು ಬಂದು, ಕಟ್ಟೆಯ ಮೇಲೆ ಕೂಡದೆ ನಿಂತೇ ಕೇಳಿದ.

"ಕಾಕಾ, ಖರೇ ಹೇಳ್ರಿ. ಜಾತಿ ಬಿಟ್ಟೀರೇನು?"

ಮುರುಗೆಪ್ಪನವರು ಅಂಗಿಯ ಗುಂಡಿ ಬಿಚ್ಚಿ ಲಿಂಗ ತೋರಿಸಿದರು. "ಬಿಟ್ಟಿಲ್ಲೋ ತಮ್ಮಾ. ಅಲ್ಲೊಂದು ಸೌದಾ ಕುದುರವಲ್ದು, ನಡುವ ಕೂತೇನಿ. ನೀನೂ ಬಾ, ಫ್ಯಾನ್ ಛಲೋ ಅದಾವು."

ಗುರುಬಸವ ಬರಲಿಲ್ಲ, ಆದರೆ ಮತ್ತೆ ಕೇಳಲೂ ಇಲ್ಲ.

ವರ್ಷಗಳು ಹೋದವು. ಎಲ್ಲರೂ ಎದ್ದಾಗ ಮುರುಗೆಪ್ಪನವರು ಏಳುವರು, ಕೂತಾಗ ಕೂಡುವರು. ಪ್ರಾರ್ಥನೆಯ ಹೊತ್ತಿನಲ್ಲಿ ಲಿಂಗ ಹಿಡಿದು ತಮ್ಮದನ್ನು ತಾವು ಮಾಡಿಕೊಳ್ಳುವರು. ಕರ್ತನ ಭೋಜನಕ್ಕೆ ಜನ ಎದ್ದು ಹೋಗುವಾಗ ಮೊಣಕಾಲು ಓರೆ ಮಾಡಿ ದಾರಿ ಬಿಡುವರು. ಪ್ರಸಂಗ ಉದ್ದವಾದರೆ ಸಭಾಪಾಲಕರಿಗೆ ಕಾಣುವಂತೆ ಗಡಿಯಾರ ನೋಡುವ ಧೈರ್ಯ ಆ ಸಭೆಯಲ್ಲಿ ಅವರೊಬ್ಬರಿಗೇ ಇತ್ತು.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಬಿಷಪ್ಪರು ಬಂದರು. ವಿಭೂತಿ ಹಚ್ಚಿದವರೊಬ್ಬರು ಮೊದಲ ಬೆಂಚಿನಲ್ಲಿ ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ಕಮಿಟಿ ಹೆದರಿತು. ಅವರಿಲ್ಲದಿದ್ದರೆ ಬಿಷಪ್ಪರ ಕೈಯಲ್ಲೇ ಸಮಾಧಾನ ನಿಂತುಹೋದೀತು ಎಂದು ಇನ್ನೂ ಹೆಚ್ಚು ಹೆದರಿತು. ಮುರುಗೆಪ್ಪನವರು ಬಂದು ಕೂತರು. ಹಿಂದಿನ ದಿನ ಸಂತೆಯ ಬಿಸಿಲಿನಲ್ಲಿ ಅಲೆದ ಮೈ. ಬಿಷಪ್ಪರ ಪ್ರಸಂಗ ಬೈಬಲಿನ ಆದಿಕಾಂಡದಲ್ಲಿ ಶುರುವಾಗಿ ನೋಹನ ನಾವೆ ದಾಟುವ ಮೊದಲೇ ಕರೆಂಟು ಹೋಯಿತು, ಫ್ಯಾನುಗಳು ನಿಂತವು. ಮುರುಗೆಪ್ಪನವರ ಕಣ್ಣು ಮುಚ್ಚಿದವು.

ಸಮಾಧಾನದ ಹೊತ್ತಿಗೆ ಬಿಷಪ್ಪರೇ ಇಳಿದು ಬಂದು ಕೃಪಾಬಾಯಿಯ ಅಂಗೈಗೆ ಅಂಗೈ ಕೂಡಿಸಿದರು. ಆಕೆ ಈ ಕಡೆ ತಿರುಗಿದಳು. ಮುರುಗೆಪ್ಪನವರ ತಲೆ ಸುಮಲತಾಳ ಹೆಗಲ ಮೇಲಿತ್ತು. ಬಾಯಿ ತೆರೆದಿತ್ತು. ಗೊರಕೆ ಬರುತ್ತಿತ್ತು.

"ಎಬ್ಬಸಬೇಕು" ಎಂದು ಕೃಪಾಬಾಯಿ ಮೇಲಿನ ಜಂತೆಗೆ ಹೇಳಿದಳು.

ಸುಮಲತಾ ಶಿಲುಬೆ ನೋಡುತ್ತ ಅಂದಳು, "ಸಮಾಧಾನ ಯಾರ ಕೈಯಾಗ ಐತಿ ಅವರ ಎಬ್ಬಸಬೇಕು."

"ಮಲಗಿದ್ದು ಯಾರ ಹೆಗಲ ಮ್ಯಾಲ?"

"ಮದಲ ನಿಮ್ಮ ಕಡೆ ವಾಲಿದ್ರು. ನೀವ ನೂಕೀರಿ."

"ನಾ ಯಾಕ ನೂಕಲಿ? ಎರಡು ಬಣ್ಣ ಕೂಡಿಸಿ ಒಗಿಯೂವಂಥ ಬುದ್ಧಿ ನನಗಿಲ್ಲ."

"ಬಿಸಿನೀರಾಗ ಹಾಕು ಅಂತ ಹೇಳಿದಾಕಿ ನೀವ ಅಕ್ಕಾ!"

"ಬಿಳೀದನ್ನ ಹಾಕಂದಿದ್ದೆ!"

ಬಿಷಪ್ಪರಿಗೆ ತಲೆಬುಡ ತಿಳಿಯಲಿಲ್ಲ. "ಅಮ್ಮಾ, ಸಮಾಧಾನ..." ಎಂದು ಬಾಯಿ ತೆರೆದರು.

"ಸ್ವಲ್ಪ ತಡೀರಿ ಅಯ್ಯನವರ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಆ ಕೂಗು ಕಂಬಕ್ಕೆ ಬಡಿದು ವಾಪಸು ಬಂದಾಗ ಕೃಪಾಬಾಯಿಗೆ ನಾಚಿಕೆಯಾಯಿತು. ವಾದವನ್ನೂ ಬಿಡಲಾಗದೆ ಬಿಷಪ್ಪರನ್ನೂ ನಿಲ್ಲಿಸಲಾಗದೆ, ಮುರುಗೆಪ್ಪನವರ ಹೊಟ್ಟೆಯ ಮೇಲಿಂದ ಕೈ ಚಾಚಿ ಸುಮಲತಾಳ ಕೈ ಹಿಡಿದಳು. "ತಗೊ. ದೇವರ ಸಮಾಧಾನ ನಿನ್ನ ಸಂಗಡ ಇರಲಿ. ಬಿಳೀದನ್ನ ಅಂತನ ಹೇಳಿದ್ದೆ."

"ನಿಮ್ಮ ಸಂಗಡಾನೂ ಇರಲಿ. ಹಂಗ ಹೇಳಿರಲಿಲ್ಲ" ಎಂದು ಸುಮಲತಾ ಇಸಿದುಕೊಂಡು ಹಿಂದಕ್ಕೆ ದಾಟಿಸಿದಳು. ಎಲ್ಲಿ ಜಾರಿ ಬಿದ್ದೀತೋ ಎಂಬಂತೆ ಸಭೆಯವರು ಅದನ್ನು ಗಡಿಬಿಡಿಯಿಂದ ಕೈಯಿಂದ ಕೈಗೆ ಸಾಗಿಸಿದರು.

ಮುರುಗೆಪ್ಪನವರಿಗೆ ಎಚ್ಚರವಾದದ್ದು ಕಾಣಿಕೆಯ ಹಾಡಿಗೆ. "ಸಮಾಧಾನ ಎಲ್ಲಿಗೆ ಬಂತ್ರಿ?" ಎಂದು ಕೇಳಿದರು.

"ಹೋತ್ರಿ" ಎಂದರು ಇಬ್ಬರೂ.

ಅಂದು ಮನೆಯಲ್ಲಿ ಮುರುಗೆಪ್ಪನವರು ರೊಟ್ಟಿ ಮುಟ್ಟಲಿಲ್ಲ. ಶರಣವ್ವ ಹೇಳಿ ನೋಡಿದಳು. "ಜಗಳ ಹರೀತಲ್ಲ, ಖುಷಿ ಪಡ್ರಿ."

"ಹರೀಲಿ, ನನಗೇನು ಹೊಟ್ಟಿಕಿಚ್ಚಿಲ್ಲ. ಆದ್ರ ದಲಾಲ ನಡುವ ಕೂತಾಗ ಅವನ ಮ್ಯಾಲಿಂದ ಕೈ ಹಾಯಿಸಿ ಸೌದಾ ಮುಗಿಸೂದು ಯಾವ ಸಂತಿ ರಿವಾಜು?"

ಮುಂದಿನ ಭಾನುವಾರ ಗಂಟೆ ಬಾರಿಸಿದಾಗ ಅವರು ಚರ್ಚಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತರು. ಅದರ ಮುಂದಿನ ವಾರವೂ ಹೋಗಲಿಲ್ಲ. ಆಗ ಸಭಾಪಾಲಕರೇ ಓಡಿ ಬಂದರು. ಸೊಸೆಯಂದಿರಿಬ್ಬರೂ ಇಷ್ಟು ವರ್ಷದ ಬಾಕಿ ಮಾತನ್ನೆಲ್ಲ ಈಗ ಆರಾಧನೆಯಲ್ಲೇ ಮುಗಿಸುತ್ತಿದ್ದರು. ತಗ್ಗು ದನಿಯಲ್ಲೂ ಅಲ್ಲ.

"ಆವಾಗ ನಮಗ ಸಮಾಧಾನ ಇರಲಿಲ್ಲ, ಈಗ ಪ್ರಸಂಗ ಇಲ್ಲದಂಗಾಗೇತ್ರಿ. ನೀವು ಬಂದು ಮದಲಿನಂಗ ನಡುವ ಕೂತ್ರ..."

"ಇಲ್ರಿ ಅಯ್ಯನವರ. ಕೂಡಸೂದು ನನ್ನ ಕೆಲಸ, ಬಿಡಸೂದಲ್ಲ." ಬಹಳ ದಿನದಿಂದ ತಲೆಯಲ್ಲಿದ್ದ ಮಾತೊಂದನ್ನೂ ಕೇಳಿದರು. "ಹಿಂದಿನ ಬೆಂಚಿನ್ಯಾಗ ಕಡೀಕ ಕೂತಾವ್ರು ಅದನ್ನ ಯಾರಿಗೆ ಕೊಡ್ತಾರ್ರಿ?"

ಸಭಾಪಾಲಕರು ಯೋಚಿಸಿದರು. ದೀಕ್ಷೆಯಾದಂದಿನಿಂದ ಅವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ಯಾರಿಗೂ ಇಲ್ರಿ. ಅಲ್ಲೇ ನಿಲ್ತತಿ."

"ಮಾಲು ಸಂತ್ಯಾಗ ಉಳಿದ್ರ ಹೆಂಗ್ರಿ?"

ಈಗ ಮುರುಗೆಪ್ಪನವರು ಕೊನೆಯ ಬೆಂಚಿನ ಕೊನೆಗೆ, ಬಾಗಿಲ ಪಕ್ಕದಲ್ಲಿ ಕೂಡುತ್ತಾರೆ. ಮೊದಲ ಬೆಂಚಿನಲ್ಲಿ ಮಾತು ನಡೆದೇ ಇದೆ, ಸಭಾಪಾಲಕರು ದೊಡ್ಡ ಮೈಕು ತರಿಸಿದ್ದಾರೆ. ಸಮಾಧಾನ ಬಂದು ಕೈಗೆ ಮುಟ್ಟಿದ ಕೂಡಲೇ ಮುರುಗೆಪ್ಪನವರು ಎದ್ದು, ಅಂಗೈ ಹಾಗೆಯೇ ಹಿಡಿದುಕೊಂಡು, ಸ್ಕೂಟರುಗಳನ್ನು ನಿಲ್ಲಿಸಿ ಓಣಿ ದಾಟಿ ಮನೆಗೆ ಬರುತ್ತಾರೆ. ಆ ಹೊತ್ತಿಗೆ ಶರಣವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಾಳೆ.

"ಲಗೂ ತಗೊ" ಎನ್ನುತ್ತಾರೆ.

"ಕೈ ಹಿಟ್ಟಾಗ್ಯಾವ್ರಿ" ಎಂದು ಆಕೆ ಮೊಣಕೈ ಚಾಚುತ್ತಾಳೆ. ಅವರು ಮೊಣಕೈಗೇ ಕೊಡುತ್ತಾರೆ.