ಅರ್ಥದ ಜಾಗದಲ್ಲಿ ‘ಕೇಳಬೇಕು’

ಶಿಕಾರಿಪುರದಲ್ಲಿ ಕೂತು ಜಮೀನಿನ ಹಳೆಯ ಕಾಗದಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸುವುದು ನನ್ನ ಹೊಟ್ಟೆಪಾಡು. ಖುಷ್ಕಿ, ಖರಾಬು, ಪೋಡಿಯಂಥ ಪದಗಳನ್ನು ಕಂಪ್ಯೂಟರಿನ ಒಂದು ಕೋಷ್ಟಕಕ್ಕೆ ಸೇರಿಸುತ್ತ ಬಂದಿದ್ದೆ. ಗೊತ್ತಿದ್ದರೆ ಎದುರಿಗೆ ಅರ್ಥ ಬರೆಯುತ್ತಿದ್ದೆ. ಇಲ್ಲದಿದ್ದರೆ ಆ ಜಾಗದಲ್ಲಿ ‘ಕೇಳಬೇಕು’ ಎಂದು ಹಾಕುತ್ತಿದ್ದೆ.

ಕೇಳಬೇಕಾದವರು ಒಬ್ಬರೇ. ಸರ್ವೆಯವರ ಹಿಂದೆ ಅಳತೆಯ ಸರಪಳಿ ಹಿಡಿದು ಆಯುಷ್ಯ ಸವೆಸಿದ, ಚಂದ್ರಗುತ್ತಿ ಕಡೆಯ ಹಿರಿಯರು. ಫೋನಿನಲ್ಲಿ ಕೇಳಿದರೆ ಹೇಳುತ್ತಿರಲಿಲ್ಲ. “ಕೂತ್ಕಂಡು ಹೇಳೋದಲ್ಲ ಕಣ್ರೀ ಇದು. ಬದುವಿನ ಮೇಲೆ ನಿಂತ್ರೆ ಬಾಯಿಗೆ ಬರ್ತದೆ, ಬನ್ನಿ” ಎನ್ನುತ್ತಿದ್ದರು. ಒಮ್ಮೆ ಹೋಗಿದ್ದೆ. ಖರಾಬು ಎಂದರೆ ಪಾಳುಭೂಮಿ ಎಂದು ನಾನು ಬರೆದುಕೊಂಡಿದ್ದನ್ನು ಕೇಳಿ ನಕ್ಕು, ಹಳ್ಳದ ದಂಡೆ, ಬಂಡೆ, ದನ ಓಡಾಡುವ ದಾರಿ ಎಲ್ಲ ಸುತ್ತಿಸಿದರು. ಉಳದೆ ಬಿಟ್ಟದ್ದು ಬೇರೆ, ಉಳಲಿಕ್ಕೇ ಬಾರದ್ದು ಬೇರೆ ಎಂದು ಅಲ್ಲಿ ನಡೆದಾಗಲೇ ನನಗೆ ತಿಳಿದದ್ದು. ಉಳಿದ ಪದಗಳಿಗೆ ಮತ್ತೆ ಬರುತ್ತೇನೆ ಎಂದೆ.

ಹೋಗಲಿಲ್ಲ. ಮೊದಲು ಒಳ್ಳೆಯ ಸಾಫ್ಟ್‌ವೇರ್ ಸಿಗಲಿ, ಎಲ್ಲವನ್ನೂ ಅದರಲ್ಲಿ ಜೋಡಿಸಿಕೊಂಡು ಒಂದೇ ಸಲ ಕೇಳಿದರಾಯಿತು ಎಂದುಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ. ಒಂದರಲ್ಲಿ ಒತ್ತಕ್ಷರ ಒಡೆದುಹೋಗುತ್ತಿತ್ತು. ಇನ್ನೊಂದು ಒಂದು ಪದಕ್ಕೆ ಒಂದೇ ಅರ್ಥ ಬರೆಯಲು ಬಿಡುತ್ತಿತ್ತು. ಮತ್ತೊಂದಕ್ಕೆ ಇಂಟರ್‌ನೆಟ್ ಇಲ್ಲದಿದ್ದರೆ ಉಸಿರೇ ಇಲ್ಲ. ಈ ಹುಡುಕಾಟದಲ್ಲಿ ಮಳೆಗಾಲ ಹೋಯಿತು, ಸುಗ್ಗಿಯೂ ಹೋಯಿತು. ಅವರೇ ಎರಡು ಸಲ ಫೋನ್ ಮಾಡಿ, ಯಾವಾಗ ಬರುತ್ತೀರಿ, ಮೊಣಕಾಲು ಇನ್ನೂ ಮಾತು ಕೇಳುತ್ತಿದೆ ಎಂದರು. ಮುಂದಿನ ವಾರ ಎಂದೆ. ನನ್ನ ಸೋಮಾರಿತನಕ್ಕೆ ಅಚ್ಚುಕಟ್ಟು ಎಂದು ಹೆಸರಿಟ್ಟುಕೊಂಡಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಒಂದು ಸಾಫ್ಟ್‌ವೇರ್ ಮನಸ್ಸಿಗೆ ಒಪ್ಪಿತು. ಬರುತ್ತಿದ್ದೇನೆಂದು ತಿಳಿಸಲು ಫೋನ್ ಮಾಡಿದರೆ ಅವರ ಸೊಸೆ ಎತ್ತಿಕೊಂಡರು. ಮಾವ ತೀರಿಕೊಂಡು ಹನ್ನೊಂದು ದಿನವಾಯಿತು ಎಂದರು. ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. “ನೀವು ಬರ್ತೀರಿ ಅಂತ ಬದುವಿನ ಮೇಲಿನ ಮುಳ್ಳೆಲ್ಲ ಸವರಿಸಿಟ್ಟಿದ್ರು ರೀ” ಎಂದರು, ಅಷ್ಟೇ.

ಮರುದಿನ ಬೇರೇನೂ ತೋಚದೆ ಕೋಷ್ಟಕವನ್ನು ಹೊಸ ಸಾಫ್ಟ್‌ವೇರಿಗೆ ತುಂಬಿಸಿದೆ. ಅದು ಎಲ್ಲವನ್ನೂ ಪರೀಕ್ಷಿಸಿ, ಇಷ್ಟೊಂದು ಪದಗಳಿಗೆ ಒಂದೇ ಅರ್ಥವಿದೆ, ಸೇರಿಸಿ ಒಂದು ಮಾಡಲೇ ಎಂದು ಕೇಳಿತು. ಪರದೆಯ ತುಂಬ, ಒಂದರ ಕೆಳಗೊಂದು, ‘ಕೇಳಬೇಕು’ ಎಂದಿತ್ತು.

ಬೇಡ ಎಂದು ಒತ್ತಿದೆ. ಅವು ಇವತ್ತಿಗೂ ಹಾಗೆಯೇ ಇವೆ.